ಒಂದು ಕ್ಷಣ, ಹಲವು ಬರಹ

ಕಮಲಾಪುರದ ಒಂದು ಕುಟುಂಬವು ಮುಂಬಯಿಗೆ ಹೊರಟಿದೆ ಎಂದು ಭಾವಿಸೋಣ. ರೈಲು ಹಿಡಿಯಲು ಅವರು ಕಲಬುರಗಿ ನಿಲ್ದಾಣಕ್ಕೆ ಬರಬೇಕು. ಟಿಕೆಟ್ಟಿನಲ್ಲಿ ಮೇ 15, 00:20 ಎಂದು ಅಚ್ಚಾಗಿದೆ. ಮನೆಯವರು ಹದಿನೈದನೆಯ ತಾರೀಖಿನ ರಾತ್ರಿ ಊಟ ಮುಗಿಸಿ, ಗಂಟುಮೂಟೆ ಕಟ್ಟಿಕೊಂಡು ನಿಲ್ದಾಣಕ್ಕೆ ಬರುತ್ತಾರೆ. ಆದರೆ ಅವರ ರೈಲು ಹೋಗಿ ಆಗಲೇ ಇಪ್ಪತ್ತು ಗಂಟೆಗಳಿಗೂ ಮಿಕ್ಕಿ ಕಳೆದಿವೆ! ಅವರು ಮನೆ ಬಿಡಬೇಕಾಗಿದ್ದುದು ಹದಿನಾಲ್ಕನೆಯ ತಾರೀಖಿನ ರಾತ್ರಿ. ಇಲ್ಲಿ ಗಡಿಯಾರ ತಪ್ಪಲಿಲ್ಲ, ಟಿಕೆಟ್ಟೂ ತಪ್ಪಲಿಲ್ಲ. ನಡುರಾತ್ರಿಯೊಡನೆ ಹೊಸ ದಿನ ಹುಟ್ಟುತ್ತದೆಂಬ ಬರಹದ ಕ್ರಮವನ್ನು ಓದಿದವರು ಗಮನಿಸಲಿಲ್ಲ, ಅಷ್ಟೆ.

ಕಾಲವು ಒಂದೇ ಆದರೂ ಅದನ್ನು ಬರೆಯುವ ರೀತಿಗಳು ಹಲವು. ಈ ಮಾತಿಗೆ ಕಲಬುರಗಿ ಸೀಮೆಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಇಲ್ಲಿಯ ಹಳೆಯ ಶಾಸನಗಳು ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಸಾಲಾಗಿ ಹೇಳುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದಾಗ, ಶಕವರ್ಷವನ್ನು ಬದಿಗಿರಿಸಿ ಚಾಲುಕ್ಯ ವಿಕ್ರಮವರ್ಷವೆಂಬ ಹೊಸ ಎಣಿಕೆಯನ್ನೇ ಆರಂಭಿಸಿದನು. ಬಹಮನಿ ಸುಲ್ತಾನರ ಕಾಲದಲ್ಲಿ ಹಿಜರಿ ವರ್ಷವು ಬಳಕೆಗೆ ಬಂದಿತು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ ಕಾಲವು ಹಿಜರಿ 769, ಅಂದರೆ ಕ್ರಿ.ಶ. 1367.

ಮುಂದೆ ಈ ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದಾಗ ಕಂದಾಯದ ಕಾಗದಪತ್ರಗಳಲ್ಲಿ ಫಸಲಿ ವರ್ಷವು ನೆಲೆಯೂರಿತು. ಫಸಲಿ ಎಂದರೆ ಬೆಳೆಯ ವರ್ಷ. ಆ ಸಂಸ್ಥಾನದಲ್ಲಿ ಅದು ಅಕ್ಟೋಬರ್ ತಿಂಗಳಿನಲ್ಲಿ ಮೊದಲಾಗುತ್ತಿತ್ತು. ಆಜೂರ್, ದೈ, ಬಹಮನ್ ಮುಂತಾದವು ಅದರ ತಿಂಗಳುಗಳು. ಹೈದರಾಬಾದ್ ಸಂಸ್ಥಾನವು ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ದಿನವನ್ನೇ ನೋಡಿರಿ. ಕ್ರಿಸ್ತಶಕದಂತೆ ಅದು 1948ನೆಯ ಇಸವಿಯ ಸೆಪ್ಟೆಂಬರ್ 17, ಶುಕ್ರವಾರ. ಪಂಚಾಂಗದಂತೆ ಶಕ 1870, ಸರ್ವಧಾರಿ ಸಂವತ್ಸರ, ಭಾದ್ರಪದ ಶುಕ್ಲಪಕ್ಷ. ಹಿಜರಿಯಂತೆ 1367, ಫಸಲಿಯಂತೆ 1357. ದಿನ ಒಂದು, ವರ್ಷಗಳು ನಾಲ್ಕು! ಅಜ್ಜನ ಹೊಲದ ಪತ್ರದಲ್ಲಿರುವ 1357 ಎಂಬ ಅಂಕೆಯನ್ನು ಮೊಮ್ಮಗನು ಕ್ರಿಸ್ತಶಕವೆಂದು ಓದಿಕೊಂಡರೆ, ಆ ಹೊಲವು ಬಹಮನಿ ರಾಜ್ಯದ ಸ್ಥಾಪಕ ಹಸನನ ಕಾಲಕ್ಕೆ ಜಿಗಿದುಬಿಡುತ್ತದೆ. ಫಸಲಿ ವರ್ಷಕ್ಕೆ 590 ಅಥವಾ 591ನ್ನು ಕೂಡಿಸಿದರೆ ಕ್ರಿಸ್ತಶಕವು ದೊರೆಯುವುದೆಂದು ಬಲ್ಲವನು ಮೋಸಹೋಗುವುದಿಲ್ಲ.

ಇಂದು ನಮ್ಮ ಶಾಲೆ ಕಚೇರಿಗಳ ಮೇಜಿನ ಮೇಲೆ ಗಣಕಯಂತ್ರವಿದೆ. ಅದರ ತೆರೆಯ ಮೂಲೆಯಲ್ಲಿ ತಾರೀಖು, ಗಂಟೆಗಳು ಕಾಣುತ್ತವೆ. ಯಂತ್ರದ ಒಳಗಾದರೋ ತಿಂಗಳೂ ಇಲ್ಲ, ವಾರವೂ ಇಲ್ಲ; ಇರುವುದು ಬರಿಯ ಎಣಿಕೆ. ಅನೇಕ ಗಣಕಯಂತ್ರಗಳು ಗ್ರೀನಿಚ್ ಕಾಲಮಾನದ 1970ನೆಯ ಜನವರಿ 1ರ ಮೊದಲ ಕ್ಷಣದಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತಿರುತ್ತವೆ. ಆ ಎಣಿಕೆಗೆ ಭಾರತದ ಐದೂವರೆ ಗಂಟೆಗಳನ್ನು ಸೇರಿಸಿ, ನಾವು ಬಯಸಿದ ಮಾದರಿಯ ಉಡುಪನ್ನು ತೊಡಿಸಿ ತೆರೆಯ ಮೇಲೆ ತೋರಿಸುತ್ತವೆ. ಉಡುಪನ್ನು ಬದಲಿಸಿದರೆ ಮನುಷ್ಯನು ಬದಲಾಗುವನೇ? ಹಾಗೆಯೇ ಮಾದರಿಯನ್ನು ಬದಲಿಸಿದರೆ ಕಾಲವು ಬದಲಾಗದು. 03-04-2024 ಎಂಬುದನ್ನು ೦೩-೦೪-೨೦೨೪ ಎಂದು ಕನ್ನಡ ಅಂಕೆಗಳಲ್ಲಿ ಬರೆದರೂ ದಿನ ಅದೇ.

ಈ ಮಾದರಿಯನ್ನು ಕೆಲವು ಇಂಗ್ಲಿಷ್ ಅಕ್ಷರಗಳಿಂದ ಸೂಚಿಸುವುದು ರೂಢಿ. ‘ಡಿ’ ಎಂದರೆ ದಿನ, ‘ವೈ’ ಎಂದರೆ ವರ್ಷ. ಬಹಳಷ್ಟು ಗಡಿಯಾರಗಳಲ್ಲಿ ದೊಡ್ಡಕ್ಷರದ ‘ಎಂ’ ತಿಂಗಳನ್ನೂ ಸಣ್ಣಕ್ಷರದ ‘ಎಂ’ ನಿಮಿಷವನ್ನೂ ಸೂಚಿಸುತ್ತವೆ. ದೊಡ್ಡ ‘ಎಚ್’ ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕವನ್ನೂ ಸಣ್ಣ ‘ಎಚ್’ ಹನ್ನೆರಡು ಗಂಟೆಗಳ ಲೆಕ್ಕವನ್ನೂ ತೋರುತ್ತವೆ. ತಿಂಗಳ ಸ್ಥಾನದಲ್ಲಿ ಸಣ್ಣ ‘ಎಂ’ ಇಟ್ಟರೆ, ಏಪ್ರಿಲ್ ಮೂರರಂದು ಬೆಳಿಗ್ಗೆ 10 ಗಂಟೆ 47 ನಿಮಿಷಕ್ಕೆ 03-47-2024 ಎಂಬ ವಿಚಿತ್ರ ತಾರೀಖು ಮೂಡುತ್ತದೆ. ಇಂತಹ ತಪ್ಪು ಕೂಡಲೇ ಕಣ್ಣಿಗೆ ಬೀಳುವುದರಿಂದ ಅಪಾಯ ಕಡಿಮೆ. ಕಣ್ಣಿಗೆ ಬೀಳದ ತಪ್ಪೇ ಹೆಚ್ಚು ಅಪಾಯಕಾರಿ. 03-04-2024 ಎಂಬುದು ನಮಗೆ ಏಪ್ರಿಲ್ ಮೂರು; ತಿಂಗಳನ್ನು ಮೊದಲು ಬರೆಯುವ ಅಮೆರಿಕದವರಿಗೆ ಮಾರ್ಚ್ ನಾಲ್ಕು. ಅರ್ಜಿಯಲ್ಲಿ ಹುಟ್ಟಿದ ದಿನವು ಹೀಗೆ ಹಿಂದುಮುಂದಾದರೆ, ಅರ್ಹನಾದ ವಿದ್ಯಾರ್ಥಿಯೂ ವಯಸ್ಸಿನ ಮಿತಿಯ ಹೊರಗೆ ಉಳಿಯಬಹುದು. ಈ ಗೊಂದಲವನ್ನು ನೀಗಲೆಂದೇ 1988ರಲ್ಲಿ ಒಂದು ಅಂತರರಾಷ್ಟ್ರೀಯ ಮಾನಕವು ಪ್ರಕಟವಾಯಿತು. ಅದರಂತೆ ಮೊದಲು ವರ್ಷ, ಬಳಿಕ ತಿಂಗಳು, ಕೊನೆಗೆ ದಿನ: 2024-04-03. ಕಡತಗಳಿಗೆ ಹೀಗೆ ಹೆಸರಿಟ್ಟರೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಹಾಗೆಂದು ಹಳೆಯ ಎಣಿಕೆಗಳನ್ನು ತೊರೆಯಬೇಕಾಗಿಲ್ಲ. ಶರಣಬಸವೇಶ್ವರರ ಜಾತ್ರೆಯು ಹೋಳಿಹುಣ್ಣಿಮೆಯನ್ನು ಅನುಸರಿಸಿ ಬರುತ್ತದೆ. ಬಂದೇನವಾಜರ ಉರುಸು ಹಿಜರಿ ತಿಂಗಳನ್ನು ಅನುಸರಿಸುತ್ತದೆ. ಕಲಬುರಗಿಯ ಜನರು ಈ ಎಲ್ಲ ಎಣಿಕೆಗಳೊಡನೆ ಸಲೀಸಾಗಿ ಬಾಳುತ್ತಾರೆ. ಯಾವ ಮಾದರಿಯು ಶ್ರೇಷ್ಠವೆಂಬುದು ಪ್ರಶ್ನೆಯಲ್ಲ. ನಾವು ಬರೆದುದನ್ನು ಅಪರಿಚಿತನೊಬ್ಬನು ಅನುಮಾನವಿಲ್ಲದೆ ಓದಬಲ್ಲನೇ ಎಂಬುದೇ ಪ್ರಶ್ನೆ. ಆದುದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. ವರ್ಷವನ್ನು ನಾಲ್ಕು ಅಂಕೆಗಳಲ್ಲಿ ಬರೆಯಿರಿ. ಗಂಟೆಯ ಜೊತೆಗೆ ಹಗಲೋ ರಾತ್ರಿಯೋ ತಿಳಿಸಿರಿ. ‘ಹದಿನಾಲ್ಕರ ರಾತ್ರಿ ಕಳೆದು, ಹದಿನೈದು ಹುಟ್ಟಿದ ಇಪ್ಪತ್ತು ನಿಮಿಷಕ್ಕೆ’ ಎಂದು ಯಾರಾದರೂ ಒಂದು ಮಾತು ತಿಳಿಸಿದ್ದರೆ, ಕಮಲಾಪುರದ ಆ ಕುಟುಂಬಕ್ಕೆ ರೈಲು ತಪ್ಪುತ್ತಿರಲಿಲ್ಲ.