ಕ್ಲಬ್ ಕೊಠಡಿಯ ಹೆಚ್ಚುವರಿ ಬಾಡಿಗೆ: ವರ್ತಕರಿಗೆ ಲಾಭವೋ, ಹೊರೆಯೋ?

ಹೊರ ಊರುಗಳಿಂದ ಬೆಂಗಳೂರಿಗೆ ಬರುವ ವರ್ತಕರ ವಸತಿಯ ಚಿಂತೆ ಹಳೆಯದು. ಸ್ವತಃ ವರ್ತಕರಾಗಿದ್ದ ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಸಮೀಪ ಕಟ್ಟಿಸಿದ ಛತ್ರವು 1903ರಲ್ಲಿ ಆರಂಭವಾಯಿತು. ಛತ್ರ, ಮಂಡಿಯ ಮಾಳಿಗೆ, ಲಾಡ್ಜು ಇವುಗಳನ್ನೆಲ್ಲ ದಾಟಿ ಇಂದು ಕಡೂರು ತಾಲ್ಲೂಕಿನ ಪಂಚನಹಳ್ಳಿಯಂತಹ ಹೋಬಳಿ ಕೇಂದ್ರದ ಕೊಬ್ಬರಿ ವರ್ತಕರೂ ಸಣ್ಣ ಉದ್ದಿಮೆದಾರರೂ ವ್ಯವಹಾರದ ಅಗತ್ಯ ಬಿದ್ದಾಗ ತಾರಾ ಹೋಟೆಲುಗಳಲ್ಲಿ ತಂಗುವ ಕಾಲ ಬಂದಿದೆ. ಅಲ್ಲಿ ಕೊಠಡಿ ಕಾದಿರಿಸುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ: ಸಾಮಾನ್ಯ ಕೊಠಡಿಯೋ, ಕ್ಲಬ್ ಮಹಡಿಯ ಕೊಠಡಿಯೋ?

ಕ್ಲಬ್ ಮಹಡಿ ಎಂದರೆ ಸಾಮಾನ್ಯವಾಗಿ ಹೋಟೆಲಿನ ಮೇಲಿನ ಅಂತಸ್ತು. ಕೊಠಡಿಯ ಅಳತೆ ಹಲವೆಡೆ ಕೆಳಗಿನ ಅಂತಸ್ತುಗಳಷ್ಟೇ ಇರುತ್ತದೆ. ಹೆಚ್ಚುವರಿ ಹಣ ಕೊಡುವುದು ಮುಖ್ಯವಾಗಿ ಆ ಅಂತಸ್ತಿನ ಅತಿಥಿಗಳಿಗೆಂದೇ ಮೀಸಲಾದ ವಿಶ್ರಾಂತಿ ಕೋಣೆಗೆ, ಅಂದರೆ ಲೌಂಜ್‌ಗೆ. ಬೆಳಗಿನ ಉಪಾಹಾರ, ದಿನವಿಡೀ ಕಾಫಿ ಮತ್ತು ಚಹಾ, ಸಂಜೆ ಒಂದೆರಡು ಗಂಟೆ ತಿಂಡಿ ಹಾಗೂ ಮದ್ಯಪಾನೀಯ, ಪ್ರತ್ಯೇಕ ನೋಂದಣಿ ಮೇಜು, ಕೆಲವೆಡೆ ಒಂದೆರಡು ಗಂಟೆಯ ಮಟ್ಟಿಗೆ ಸಭಾ ಕೊಠಡಿ, ಇವು ಅದರ ಸೌಲಭ್ಯಗಳು.

ವರ್ತಕರು ಇಲ್ಲಿ ಮೊದಲು ಗಮನಿಸಬೇಕಾದದ್ದು ತೆರಿಗೆಯ ಗೆರೆಯನ್ನು. ಐಷಾರಾಮ ತೆರಿಗೆಯು 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ, ದಿನಕ್ಕೆ ರೂ. 7,500ರವರೆಗಿನ ಕೊಠಡಿಗೆ ಶೇ. 5 ತೆರಿಗೆ, ಆದರೆ ಹೋಟೆಲಿನವರಿಗೆ ಹೂಡುವಳಿ ತೆರಿಗೆ ಜಮೆ ಇಲ್ಲ. ಅದಕ್ಕೆ ಮೇಲ್ಪಟ್ಟ ಕೊಠಡಿಗೆ ಶೇ. 18. ಫಲಕದಲ್ಲಿ ಬರೆದ ದರವಲ್ಲ, ವಾಸ್ತವವಾಗಿ ವಸೂಲು ಮಾಡಿದ ಮೊತ್ತವೇ ಇಲ್ಲಿ ಆಧಾರ. ಸಾಮಾನ್ಯ ಕೊಠಡಿಯು ಗೆರೆಯ ಕೆಳಗೂ ಕ್ಲಬ್ ಕೊಠಡಿಯು ಗೆರೆಯ ಮೇಲೂ ಬೀಳುವ ಸಂದರ್ಭಗಳು ಕಡಿಮೆಯಲ್ಲ.

ಉದಾಹರಣೆಗೆ, ಸಾಮಾನ್ಯ ಕೊಠಡಿಗೆ ರೂ. 7,000 ಮತ್ತು ಕ್ಲಬ್ ಕೊಠಡಿಗೆ ರೂ. 11,000 ಎಂದು ಭಾವಿಸಬಹುದು. ಮೇಲ್ನೋಟಕ್ಕೆ ವ್ಯತ್ಯಾಸ ರೂ. 4,000. ತೆರಿಗೆ ಸೇರಿದಾಗ ಮೊದಲನೆಯದು ರೂ. 7,350, ಎರಡನೆಯದು ರೂ. 12,980. ನಿಜವಾದ ವ್ಯತ್ಯಾಸ ರೂ. 5,630. ಆದರೆ ಇಲ್ಲೊಂದು ತಿರುವಿದೆ. ಕರ್ನಾಟಕದಲ್ಲಿ ಸಾಮಾನ್ಯ ನೋಂದಣಿ ಹೊಂದಿ, ವ್ಯವಹಾರಕ್ಕಾಗಿಯೇ ಬೆಂಗಳೂರಿನಲ್ಲಿ ತಂಗಿ, ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಬರೆಸಿಕೊಂಡ ವರ್ತಕರು ಶೇ. 18ರ ರೂ. 1,980ನ್ನು ಜಮೆ ಪಡೆಯಬಹುದು. ಶೇ. 5ರ ರೂ. 350ನ್ನೂ ತಮ್ಮ ಲೆಕ್ಕದಲ್ಲಿ ಜಮೆಗೆ ತೆಗೆದುಕೊಳ್ಳಬಹುದೇ ಎಂಬುದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳುವುದು ಲೇಸು. ಎರಡೂ ಜಮೆಯಾದರೆ ವ್ಯತ್ಯಾಸ ಮತ್ತೆ ರೂ. 4,000ಕ್ಕೇ ಬಂದು ನಿಲ್ಲುತ್ತದೆ. ಕಾಂಪೊಸಿಷನ್ ಪದ್ಧತಿಯ, ಅಂದರೆ ರಾಜಿ ತೆರಿಗೆಯ ವರ್ತಕರಿಗೆ ಯಾವ ಜಮೆಯೂ ಇಲ್ಲ. ಅವರು ಪೂರ್ಣ ರೂ. 5,630ನ್ನು ಕೈಯಿಂದ ತೆರಬೇಕು. ಮುಂಬಯಿ, ಚೆನ್ನೈಗಳಲ್ಲಿ ತಂಗಿದರೆ ಸಾಮಾನ್ಯ ನೋಂದಣಿಯವರ ಸ್ಥಿತಿಯೂ ಇದೇ. ಹೋಟೆಲು ಇರುವ ರಾಜ್ಯವೇ ಸೇವೆಯ ಸ್ಥಳವೆಂದು ಕಾನೂನು ಹೇಳುವುದರಿಂದ, ಅಲ್ಲಿನ ರಾಜ್ಯ ತೆರಿಗೆಯಾಗಲಿ ಅದರ ಜೊತೆಯ ಕೇಂದ್ರ ತೆರಿಗೆಯಾಗಲಿ ಕರ್ನಾಟಕದ ನೋಂದಣಿಗೆ ಜಮೆ ಬರುವುದಿಲ್ಲ. ಬಿಲ್ಲಿನಲ್ಲಿ ಸಂಖ್ಯೆ ಬರೆಸಿದ ಮಾತ್ರಕ್ಕೆ ಜಮೆ ಸಿಕ್ಕಿತೆಂದು ತಿಳಿದು, ರಿಟರ್ನ್ ಸಲ್ಲಿಸುವ ವೇಳೆಗೆ ಪೇಚಿಗೆ ಸಿಲುಕುವವರು ಈ ವಿಷಯವನ್ನು ಮೊದಲೇ ತಿಳಿದಿರಬೇಕು.

ಈ ವೆಚ್ಚವು ಹೋಗುವುದು ವಹಿವಾಟಿನಿಂದಲ್ಲ, ಲಾಭದಿಂದ. ಶೇ. 2ರ ಲಾಭದಲ್ಲಿ ವ್ಯಾಪಾರ ಮಾಡುವ ಕೊಬ್ಬರಿ ವರ್ತಕರು ರೂ. 4,000 ಉಳಿಸಿಕೊಳ್ಳಲು ರೂ. 2 ಲಕ್ಷದ ಮಾಲು ಮಾರಬೇಕು. 2025ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ ರೂ. 12,100. ಆ ಬೆಲೆಯಲ್ಲಿ ಲೆಕ್ಕ ಹಾಕಿದರೆ ಒಂದು ರಾತ್ರಿಯ ಲೌಂಜ್‌ಗೆ ಹದಿನಾರೂವರೆ ಕ್ವಿಂಟಲ್ ಕೊಬ್ಬರಿ!

ಇನ್ನು ಸೌಲಭ್ಯಗಳ ಬೆಲೆ. ಹೋಟೆಲಿನ ದರಪಟ್ಟಿಯಂತೆ ಉಪಾಹಾರಕ್ಕಿಷ್ಟು, ಕಾಫಿಗಿಷ್ಟು, ಪಾನೀಯಕ್ಕಿಷ್ಟು ಎಂದು ಕೂಡಿಸಿದರೆ ಕ್ಲಬ್ ಕೊಠಡಿ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ. ಆ ಲೆಕ್ಕ ತಪ್ಪು. ಸೌಲಭ್ಯವಿಲ್ಲದಿದ್ದರೆ ತಾವು ನಿಜವಾಗಿ ಎಷ್ಟು ಖರ್ಚು ಮಾಡುತ್ತಿದ್ದೆವು ಎಂಬುದೇ ಸರಿಯಾದ ಅಳತೆ. ಬೆಳಿಗ್ಗೆ ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದು ತೃಪ್ತರಾಗುವವರಿಗೆ ತಾರಾ ಉಪಾಹಾರದ ಬೆಲೆ ದರ್ಶಿನಿಯ ಬಿಲ್ಲಿನಷ್ಟೇ. ಮದ್ಯ ಮುಟ್ಟದವರಿಗೆ ಸಂಜೆಯ ಪಾನೀಯದ ಬೆಲೆ ಸೊನ್ನೆ. ಬಾಕಿ ವಸೂಲಿಗೆಂದು ಬೆಳಿಗ್ಗೆ ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗಿ, ಚಿಕ್ಕಪೇಟೆ, ಪೀಣ್ಯ ಸುತ್ತಿ, ವಾಹನ ದಟ್ಟಣೆಯಲ್ಲಿ ಸಿಕ್ಕಿ ರಾತ್ರಿ ಎಂಟೂವರೆಗೆ ಮರಳುವವರ ಪಾಲಿಗೆ ಸಂಜೆಯ ತಿಂಡಿಯ ವೇಳೆ ಮುಗಿದೇ ಹೋಗಿರುತ್ತದೆ. ಅಂತಹವರಿಗೆ ಮೇಲಿನ ಅಂತಸ್ತಿಗಿಂತ ಸ್ಥಳ ಮುಖ್ಯ. ಅರಸೀಕೆರೆಯಿಂದ ರೈಲಿನಲ್ಲಿ ಬರುವವರಿಗೆ ಯಶವಂತಪುರದ ಸಾಧಾರಣ ಹೋಟೆಲೇ ಅನುಕೂಲ. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರಕ್ಕೆ ಹೋಗುವವರಿಗೂ ಅಷ್ಟೇ, ಏಕೆಂದರೆ 2024ರ ನವೆಂಬರಿನಿಂದ ಮೆಟ್ರೊ ರೈಲು ಮಾದಾವರದವರೆಗೆ ಓಡುತ್ತಿದೆ.

ಹಾಗಾದರೆ ಕ್ಲಬ್ ಕೊಠಡಿ ಕೇವಲ ಆಡಂಬರವೇ? ಹಾಗೆನ್ನಲಾಗದು. ತೆಂಗಿನ ಎಣ್ಣೆ ಅಥವಾ ನಾರಿನ ಉತ್ಪನ್ನ ತಯಾರಿಸುವ ಸಣ್ಣ ಉದ್ದಿಮೆದಾರರೊಬ್ಬರು ಹೊರನಾಡಿನ ಖರೀದಿದಾರರನ್ನು ಮೊದಲ ಬಾರಿಗೆ ಕಾಣುವ ಸಂದರ್ಭವನ್ನು ಊಹಿಸಬಹುದು. ಹೋಟೆಲಿನ ಹಜಾರದ ಸೋಫಾದಲ್ಲಿ ಕುಳಿತು ದರ ಮಾತನಾಡಿದರೆ ಪಕ್ಕದವರ ಕಿವಿಗೂ ಅದು ಬೀಳುತ್ತದೆ; ಮಾದರಿಗಳನ್ನು ಹರಡಲು ಮೇಜಿರುವುದಿಲ್ಲ. ಸಭಾ ಕೊಠಡಿಯನ್ನು ಬೇರೆ ಬಾಡಿಗೆಗೆ ಪಡೆದರೆ ಅದೇ ರೂ. 4,000ವನ್ನು ಮೀರಬಹುದು. ಅಂದು ಕ್ಲಬ್ ಕೊಠಡಿಯು ಕೊಠಡಿಯಲ್ಲ, ಒಂದು ದಿನದ ಕಚೇರಿ. ಪಾಲುದಾರರಿಬ್ಬರು ಒಂದೇ ಕೊಠಡಿಯಲ್ಲಿ ತಂಗಿ ಇಬ್ಬರೂ ಸೌಲಭ್ಯ ಬಳಸಿದರೆ ಲೆಕ್ಕ ಇನ್ನಷ್ಟು ಹಗುರವಾಗುತ್ತದೆ.

ಆದರೂ ಹಣ ತೆರುವ ಮುನ್ನ ಕೇಳಬೇಕಾದ ಕೆಲವು ಮಾತುಗಳಿವೆ. ಸಭಾ ಕೊಠಡಿ ದರದಲ್ಲಿ ಸೇರಿದೆಯೇ, ಎಷ್ಟು ಗಂಟೆ? ಹೊರಗಿನಿಂದ ಬರುವ ಖರೀದಿದಾರರಿಗೆ ಲೌಂಜ್ ಪ್ರವೇಶವುಂಟೇ? ಬಹಳ ಕಡೆ ಅಲ್ಲಿ ತಂಗಿದವರಿಗಷ್ಟೇ ಪ್ರವೇಶ. ಬಾಗಿಲಲ್ಲಿ ನಿಂತು ಅತಿಥಿಯ ಎದುರೇ ಚೌಕಾಶಿ ಮಾಡುವುದು ಶೋಭೆಯಲ್ಲ. ಲೌಂಜ್ ದುರಸ್ತಿಗಾಗಿ ಮುಚ್ಚಿದೆಯೇ ಎಂಬುದನ್ನೂ ವಿಚಾರಿಸಬೇಕು. ಬಿಲ್ಲಿನ ಮೊತ್ತ ದಿನಕ್ಕೆ ರೂ. 10,000 ದಾಟುವುದಾದರೆ ನಗದಿನಲ್ಲಿ ಕೊಡಬಾರದು. ಆದಾಯ ತೆರಿಗೆಯಲ್ಲಿ ಆ ವೆಚ್ಚ ಅಂಗೀಕಾರವಾಗದು. ದಾಖಲೆಯಾಗಿ ಭೇಟಿಯ ಉದ್ದೇಶ, ಖರೀದಿದಾರರ ಹೆಸರು ಮತ್ತು ದಿನಾಂಕವನ್ನು ಬಿಲ್ಲಿನ ಹಿಂಬದಿಯಲ್ಲಿ ಅಂದೇ ಬರೆದಿಡುವುದು ಉತ್ತಮ. ಮಗಳ ಮದುವೆಯ ಸೀರೆ ಖರೀದಿಗೆ ಬಂದು ತಂಗಿದ ರಾತ್ರಿಯನ್ನು ಅಂಗಡಿಯ ಖಾತೆಗೆ ಬರೆದವರ ಬಳಿ ಅಂತಹ ಟಿಪ್ಪಣಿ ಇರುವುದಿಲ್ಲ, ತಪಾಸಣೆಯ ಅಧಿಕಾರಿ ಮೊದಲು ಕೇಳುವುದೂ ಅದನ್ನೇ.