ಕನಸಿನೊಳಗಣ ಎಚ್ಚರ

ಜಾಗ್ರ, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳಲ್ಲಿ ಮಾನವನ ಆಯುಷ್ಯವೆಲ್ಲವೂ ಕಳೆಯುತ್ತದೆ. ಹಗಲು ಮಾಡಿದ ವ್ಯವಹಾರಕ್ಕೆ ಕಾಸಿನವರೆಗೆ ಲೆಕ್ಕವಿಡುವ ಗೃಹಸ್ಥನು ರಾತ್ರಿ ಕಂಡ ಕನಸನ್ನು ಮುಖ ತೊಳೆಯುವುದರೊಳಗೆ ಮರೆತುಬಿಡುತ್ತಾನೆ. ಮರೆಯದೆ ಉಳಿಯುವುದು ಹೆಚ್ಚಾಗಿ ಭಯದ ಕನಸು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಮಳೆ ತಪ್ಪಿ, ಕೊಳವೆಬಾವಿ ಬತ್ತಿ, ತಂದೆ ನೆಟ್ಟ ತೆಂಗಿನ ಸುಳಿ ಒಣಗಿದುದನ್ನು ಕಣ್ಣಾರೆ ಕಂಡವನೊಬ್ಬನನ್ನು ಭಾವಿಸಬೇಕು. ಮರಳಿ ಮಳೆಯಾಗಿ ಹೊಸ ಸಸಿ ಬೇರೂರಿದ ಮೇಲೂ ಅವನ ಕನಸಿನ ತೋಟದಲ್ಲಿ ಗರಿಗಳು ಜೋತುಬಿದ್ದೇ ಇರುತ್ತವೆ. ಹಗಲು ತೀರಿದ ದುಃಖವನ್ನು ಇರುಳು ಮತ್ತೆ ಉಣ್ಣುವ ಇಂತಹವನಿಗೆ, ಕನಸಿನಲ್ಲಿರುವಾಗಲೇ 'ಇದು ಕನಸು' ಎಂಬ ಅರಿವು ಉಂಟಾಗಬಲ್ಲುದೆ? ಉಂಟಾದರೆ ಅದು ಸ್ಥಿರವಾಗಿ ನಿಲ್ಲುವ ಬಗೆ ಯಾವುದು?

ಹಿಂದಿನವರು ಈ ವಿಷಯವನ್ನು ಅಲ್ಲಗಳೆದವರಲ್ಲ. ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಕನಸು ಕಾಣುವ ಆತ್ಮನನ್ನು ತೈಜಸನೆಂದು ಕರೆದು, ತನ್ನೊಳಗೇ ಪ್ರಜ್ಞೆಯುಳ್ಳವನೆಂದು ವರ್ಣಿಸಿತು. ಪತಂಜಲಿಯು ಸಮಾಧಿಪಾದದ 38ನೆಯ ಸೂತ್ರದಲ್ಲಿ, ಸ್ವಪ್ನ ಮತ್ತು ನಿದ್ರೆಗಳ ಜ್ಞಾನವನ್ನು ಆಲಂಬಿಸಿಯೂ ಚಿತ್ತವು ನೆಲೆಗೊಳ್ಳಬಹುದೆಂದು ಸೂಚಿಸಿದನು.

ಶರಣರ ವಚನಗಳಲ್ಲಿ ಕನಸಿನ ಪ್ರಸಂಗಕ್ಕೆ ಅಕ್ಕಮಹಾದೇವಿಯ ವಚನವು ಪ್ರಸಿದ್ಧವಾದುದು. ಆಕೆ ತನ್ನ ಕನಸನ್ನು ಒಡನಾಡಿಯಾದ ಅಕ್ಕನೊಡನೆ ಹೇಳಿಕೊಳ್ಳುವಳು. ಆ ಕನಸಿನಲ್ಲಿ ಮೊದಲು ಕಾಣುವುವು ಅಕ್ಕಿ, ಅಡಕೆ, ಓಲೆ ಮತ್ತು ತೆಂಗಿನಕಾಯಿ. ಈ ಸೀಮೆಯವರ ಮನೆಮನೆಯ ವಸ್ತುಗಳೇ. ಬಳಿಕ ಕಿರುಜಡೆಗಳ ಗೊರವನೊಬ್ಬನು ಭಿಕ್ಷೆಗೆ ಬರುತ್ತಾನೆ. ನಿಲ್ಲದೆ ಮುಂದೆ ಸಾಗುತ್ತಾನೆ. ಆಕೆ ಬೆನ್ನಟ್ಟಿ ಅವನ ಕೈಹಿಡಿಯುತ್ತಾಳೆ. ಅವನೇ ಚೆನ್ನಮಲ್ಲಿಕಾರ್ಜುನನೆಂದು ಕಂಡು ಕಣ್ಣು ತೆರೆಯುತ್ತಾಳೆ. ಕನಸನ್ನು ಕನಸೆಂದು ಅಲ್ಲಿಯೇ ಅರಿತಳೆಂದು ವಚನವು ಹೇಳುವುದಿಲ್ಲ. ಹೇಳಿತೆಂದು ಹೊಂದಿಸುವುದೂ ಸಲ್ಲದು. ಆದರೆ ಎರಡು ಅಂಶಗಳು ವಿಚಾರಾರ್ಹವಾಗಿವೆ. ಕನಸು ತಳ್ಳಿದತ್ತ ಹೋಗುವುದು ಸಾಮಾನ್ಯರ ಪಾಡು. ಅಕ್ಕನಾದರೋ ಹಗಲು ಯಾರನ್ನು ಅರಸುತ್ತಿದ್ದಳೋ ಅವನನ್ನೇ ಕನಸಿನಲ್ಲಿಯೂ ಬೆಂಬತ್ತಿದಳು. ಎರಡನೆಯದಾಗಿ, ಕನಸು ಮುಗಿದುದು ಮರವೆಯಲ್ಲಿ ಅಲ್ಲ, ಕಾಣುವುದರಲ್ಲಿ.

ಆಧುನಿಕ ವಿಜ್ಞಾನಿಗಳೂ ಈ ಎಚ್ಚರವನ್ನು ಪರೀಕ್ಷಿಸಿದ್ದಾರೆ. ನಿದ್ರೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುವೆಂದು 1953ರಲ್ಲಿ ಚಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು ಪ್ರಕಟಿಸಿದರು. ನೆನಪಿನಲ್ಲುಳಿಯುವ ಸ್ಪಷ್ಟವಾದ ಕನಸುಗಳು ಬಹುಮಟ್ಟಿಗೆ ಆ ಹಂತದವು. ಆಗ ದೇಹದ ಸ್ನಾಯುಗಳು ಸಡಿಲವಾಗಿದ್ದರೂ ಕಣ್ಣಿಗೆ ಆ ಕಟ್ಟಿಲ್ಲ. ಇದನ್ನರಿತು 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ತರುವಾಯ ಅಮೆರಿಕೆಯ ಸ್ಟೀಫನ್ ಲಾಬರ್ಜ್, ಕನಸಿನಲ್ಲಿ ಎಚ್ಚತ್ತವನು ಮೊದಲೇ ಒಪ್ಪಿಕೊಂಡಂತೆ ಕಣ್ಣನ್ನು ಎಡಬಲಕ್ಕೆ ಹೊರಳಿಸಿ ಸನ್ನೆ ಮಾಡಬಲ್ಲನೆಂದು ಯಂತ್ರಗಳಲ್ಲಿ ದಾಖಲಿಸಿದರು. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನಿದ್ರಿಸುತ್ತಿದ್ದವನೊಬ್ಬನಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟೆಂದು ಕೇಳಲಾಗಿ, ಅವನು ಕಣ್ಣನ್ನು ಎರಡು ಬಾರಿ ಹೊರಳಿಸಿ ಉತ್ತರವಿತ್ತನು. ಆದುದರಿಂದ ಇದು ಬರಿಯ ಕಲ್ಪನೆಯಲ್ಲ.

ಇನ್ನು ಅಭ್ಯಾಸಕ್ರಮ. ಮೊದಲನೆಯದು ಮಿತವಾದ, ಸಾಕಷ್ಟು ನಿದ್ರೆ. ಗೀತೆಯ ಆರನೆಯ ಅಧ್ಯಾಯವು ನಿದ್ರೆ ಎಚ್ಚರಗಳೆರಡರಲ್ಲಿಯೂ ಹದವಿರುವವನಿಗೇ ಯೋಗವು ದುಃಖವನ್ನು ನೀಗುವುದೆನ್ನುತ್ತದೆ. ನಿದ್ರೆಗೆಟ್ಟವನಿಗೆ ಕನಸಿನ ಎಚ್ಚರವಿಲ್ಲ, ಹಗಲಿನ ಎಚ್ಚರವೂ ಇಲ್ಲ.

ಎರಡನೆಯದು ಸ್ಮರಣೆ. ಎದ್ದೊಡನೆ ಮಗ್ಗುಲು ಬದಲಿಸದೆ, ಕಂಡುದನ್ನು ಕಡೆಯಿಂದ ಮೊದಲಿಗೆ ನೆನೆದು ಬರೆದಿಡಬೇಕು. ಕೆಲವು ವಾರಗಳಲ್ಲಿ ತನ್ನ ಕನಸುಗಳ ಗುರುತು ತಿಳಿಯುವುದು: ತೀರಿಹೋದ ಹಿರಿಯರು, ಎಂದೋ ಬಿಟ್ಟ ಶಾಲೆ, ಒಣಗಿದ ತೋಟ.

ಮೂರನೆಯದು ಹಗಲಿನ ವಿಚಾರಣೆ. ದಿನದಲ್ಲಿ ಹಲವು ಸಲ ನಿಂತು, 'ಇದು ಜಾಗ್ರವೋ ಸ್ವಪ್ನವೋ' ಎಂದು ನಿಜವಾಗಿ ಶೋಧಿಸಬೇಕು. ಬರವಣಿಗೆಯ ಒಂದು ಸಾಲನ್ನೋದಿ, ಕಣ್ಣು ತೆಗೆದು ಮತ್ತೆ ಓದಬೇಕು. ಕನಸಿನ ಅಕ್ಷರಗಳು ಅನೇಕ ವೇಳೆ ಎರಡನೆಯ ನೋಟಕ್ಕೆ ಬೇರೆಯಾಗಿರುತ್ತವೆ. ಹಗಲಿನ ರೂಢಿಯು ಇರುಳಿನಲ್ಲಿ ತಾನಾಗಿ ಮೇಲೇಳುವುದು.

ನಾಲ್ಕನೆಯದು ಸಂಕಲ್ಪ. ಕನಸಿನ ಹಂತಗಳು ಬೆಳಗಿನ ಜಾವಕ್ಕೆ ದೀರ್ಘವಾಗುತ್ತವೆ. ಐದು ಗಂಟೆಯಷ್ಟು ನಿದ್ರಿಸಿ ಎದ್ದು, ಆಗ ಕಂಡ ಕನಸನ್ನು ನೆನೆದು, 'ಮುಂದೆ ಕನಸು ಕಾಣುವಾಗ ಕನಸೆಂದು ಅರಿಯುವೆನು' ಎಂದು ಸಂಕಲ್ಪಿಸಿ, ಹಾಗೆ ಅರಿತಂತೆ ಭಾವಿಸುತ್ತ ಮತ್ತೆ ಮಲಗಬೇಕು. ವಾರಕ್ಕೆ ಒಂದೆರಡು ದಿನ ಸಾಕು.

ಐದನೆಯದು ಸ್ಥೈರ್ಯ. ಅರಿವು ಮೂಡಿದೊಡನೆ ಉಕ್ಕುವ ಹರ್ಷವೇ ಕನಸನ್ನು ಒಡೆಯುತ್ತದೆ. ಆಗ ಕನಸಿನ ಅಂಗೈಗಳನ್ನು ತಿಕ್ಕಿ, ಕಾಲಕೆಳಗಿನ ನೆಲವನ್ನು ಸಮಾಧಾನದಿಂದ ನೋಡಿದರೆ ಕನಸು ನಿಲ್ಲುವುದುಂಟು. ಆ ಬಳಿಕ ಕನಸನ್ನೆಲ್ಲ ಒಮ್ಮೆಗೇ ಮಾರ್ಪಡಿಸಲು ಹೊರಡದೆ, ಒಂದು ಸಣ್ಣ ಕಾರ್ಯದಿಂದ ಆರಂಭಿಸಬೇಕು. ಒಣಗಿದ ತೋಟವನ್ನು ಕಂಡವನು ಓಡದೆ ನಿಂತು, ಒಂದು ಮರದ ಬುಡಕ್ಕೆ ಒಂದು ಕೊಡ ನೀರೆರೆಯಲಿ. ಇಷ್ಟು ಸಾಧಿಸದವನೂ ಎದೆಗುಂದಬೇಕಾಗಿಲ್ಲ. ಹಗಲು ಎಚ್ಚರದಲ್ಲಿಯೇ ಆ ಕನಸಿನ ಕೊನೆಯನ್ನು ಬದಲಿಸಿ ದಿನವೂ ಮನನ ಮಾಡಿದರೆ ದುಃಸ್ವಪ್ನಗಳು ಕಡಮೆಯಾಗುವುವೆಂದು ವೈದ್ಯರೂ ಒಪ್ಪಿ ಪ್ರಯೋಗಿಸುತ್ತಿದ್ದಾರೆ.

ಎಚ್ಚರಿಕೆಯ ಮಾತೂ ಅಗತ್ಯ. ಎದ್ದ ಕ್ಷಣ ಕೈಕಾಲು ಆಡದೆ, ಎದೆಯ ಮೇಲೆ ಏನೋ ಕುಳಿತಂತಾದರೆ ಅದು ದೆವ್ವವಲ್ಲ, ಮನಸ್ಸು ಎಚ್ಚತ್ತರೂ ನಿದ್ರೆಯಲ್ಲಿ ಸಡಿಲಿದ ದೇಹವಿನ್ನೂ ಬಿಗಿಯದ ಸ್ಥಿತಿ, ಸ್ವಲ್ಪದರಲ್ಲೇ ಕಳೆಯುವುದು. ನಿಜ ಭ್ರಮೆಗಳ ವ್ಯತ್ಯಾಸ ತಪ್ಪುವ ಮನೋವ್ಯಾಧಿಯುಳ್ಳವರು ವೈದ್ಯರನ್ನು ಕೇಳದೆ ಈ ಅಭ್ಯಾಸಕ್ಕೆ ಕೈಯಿಡಬಾರದು.

ಈ ನಾಡಿನವರಿಗೆ ಉಂಡೆ ಕೊಬ್ಬರಿಯೇ ಇದಕ್ಕೆ ದೃಷ್ಟಾಂತ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಡುತ್ತದೆ. ಅಲ್ಲಾಡಿಸಿದರೆ ಗಿಟುಕು ಉರುಳುವ ಸದ್ದು ಕೇಳುತ್ತದೆ. ಅವಸರಪಟ್ಟು ಹಸಿಯಾಗಿರುವಾಗಲೇ ಒಡೆದವನಿಗೆ ತಿರುಳು ಚೂರಾಗಿ ಬರುವುದಲ್ಲದೆ ಇಡಿಯಾಗಿ ಬಾರದು. ತೋಟದಲ್ಲಿ ತಪಗೈದು ತೋಟದ ಸಿದ್ಧಲಿಂಗರೆನಿಸಿದ ಯತಿಗಳ ನೆಲೆಯಾದ ಕಗ್ಗೆರೆ, ಎಡೆಯೂರುಗಳು ಈ ಸೀಮೆಗೆ ದೂರವಲ್ಲ. ಅಂತಹವರ ಸಾಧನೆಯು ಒಂದಿರುಳಿನದಾಗಿರಲಿಲ್ಲ.

ಕನಸಿನ ಮೇಲಣ ಹಿಡಿತವು ಬಯಸಿದ ಭೋಗವನ್ನು ಅಲ್ಲಿ ಸೂರೆಗೊಳ್ಳುವುದಕ್ಕಾದರೆ ಅದು ಮರವೆಗೆ ಮತ್ತೊಂದು ಮನೆ ಕಟ್ಟಿದಂತೆ. ಭಯವನ್ನು ಎದುರಿಸಿ ನಿಲ್ಲುವುದಕ್ಕಾದರೆ ಅದು ಅರಿವಿನ ಕೆಲಸ. ಕನಸಿನಲ್ಲಿ ಸಿಡಿಮಿಡಿಗೊಳ್ಳದೆ ನಿಂತವನು ಮರುದಿನ ಸಂತೆಯಲ್ಲಿಯೂ ಮನೆಯಲ್ಲಿಯೂ ಹಾಗೆಯೇ ನಿಲ್ಲಬಲ್ಲನಾದರೆ, ಆ ಎಚ್ಚರವು ಸಾರ್ಥಕವಾಯಿತೆಂದು ತಿಳಿಯಬೇಕು.