ಪಕ್ಕದ ಪಾಳು ನಿವೇಶನ: ದೂರು ಯಾರಿಗೆ, ಹೇಗೆ?

ದೆಹಲಿಯಲ್ಲಿಯೂ ಅದರ ಸುತ್ತಲಿನ ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್ ನಗರಗಳಲ್ಲಿಯೂ ಮಳೆಗಾಲ ಮುಗಿಯುವ ವೇಳೆಗೆ ಕಣ್ಣಿಗೆ ಬೀಳುವ ದೃಶ್ಯವೊಂದುಂಟು. ಸಾಲುಮನೆಗಳ ನಡುವೆ ಬೀಗ ಜಡಿದ ಮನೆ, ಇಲ್ಲವೇ ಕಟ್ಟದೆ ಬಿಟ್ಟ ನಿವೇಶನ. ಒಳಗೆ ಆಳೆತ್ತರದ ಕಾಂಗ್ರೆಸ್ ಹುಲ್ಲು, ಬಳ್ಳಾರಿ ಜಾಲಿಯ ಪೊದೆ, ಅಕ್ಕಪಕ್ಕದವರೇ ಎಸೆದ ಕಸ. ಒಡೆಯರು ಪರಊರಿನಲ್ಲಿರುತ್ತಾರೆ, ಅಥವಾ ಆಸ್ತಿ ದಾಯಾದಿಗಳ ವ್ಯಾಜ್ಯದಲ್ಲಿ ಸಿಲುಕಿರುತ್ತದೆ. ಸರ್ಕಾರಿ ಸೇವೆಗೆಂದು ರಾಜಧಾನಿಗೆ ತೆರಳಿ, ಮನೆ ಮಾಡಿ, ನಿವೃತ್ತಿಯ ಬಳಿಕ ಊರಿಗೆ ಮರಳಿದ ಕನ್ನಡಿಗರ ಮನೆಯೂ ಇವುಗಳಲ್ಲೊಂದಾಗಿರಬಹುದು.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. 1996ರಲ್ಲಿ ದೆಹಲಿಯಲ್ಲಿ ಹಬ್ಬಿದ ಡೆಂಗೆ ಜ್ವರ 10,000ಕ್ಕೂ ಹೆಚ್ಚು ಜನರನ್ನು ಬಾಧಿಸಿ 400ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಈ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಹುಲ್ಲಿನಲ್ಲಿ ಹುಟ್ಟುವುದಿಲ್ಲ. ಹುಲ್ಲು ಮರೆಮಾಡಿರುವ ಒಡೆದ ಮಡಕೆ, ಹಳೆಯ ಟೈರು, ಮುಚ್ಚಳವಿಲ್ಲದ ತಾರಸಿಯ ತೊಟ್ಟಿ ಇವುಗಳಲ್ಲಿ ನಿಂತ ನೀರೇ ಅದರ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಒಣಗಿದ ಮೊಟ್ಟೆಗಳಾದರೋ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮರಳಿ ನೀರು ಸೋಕಿದಾಗ ಒಡೆಯುತ್ತವೆ. ಆದುದರಿಂದ ದೂರಿನಲ್ಲಿ "ಪಕ್ಕದ ಮನೆ ಗಲೀಜಾಗಿದೆ" ಎಂದು ಬರೆಯುವುದಕ್ಕಿಂತ, ನೀರು ಎಲ್ಲಿ ನಿಂತಿದೆ, ಎಷ್ಟು ದಿನಗಳಿಂದ ನಿಂತಿದೆ ಎಂದು ತಿಳಿಸುವುದು ಹೆಚ್ಚು ಫಲಕಾರಿ. ಒಡೆಯರ ನಡತೆಯನ್ನು ಕುರಿತ ಮಾತುಗಳು ಅರ್ಜಿಯನ್ನು ಉದ್ದವಾಗಿಸುತ್ತವೆಯೇ ಹೊರತು ಬಲಪಡಿಸುವುದಿಲ್ಲ.

ದೆಹಲಿ ಮಹಾನಗರಪಾಲಿಕೆಯು ಸೊಳ್ಳೆಗಳಿಂದ ಹರಡುವ ರೋಗಗಳ ಬಗ್ಗೆ 1975ರಲ್ಲಿಯೇ ಉಪವಿಧಿಗಳನ್ನು ರಚಿಸಿದೆ. 1957ರ ಪಾಲಿಕೆ ಅಧಿನಿಯಮದ 398ನೆಯ ಕಲಮು, ಉಪದ್ರವವನ್ನು ನಿವಾರಿಸುವಂತೆ ಒಡೆಯರಿಗೆ ನೋಟಿಸು ನೀಡುವ ಅಧಿಕಾರವನ್ನು ಆಯುಕ್ತರಿಗೆ ಕೊಡುತ್ತದೆ. ಕುಸಿಯುವಂತಿರುವ ಕಟ್ಟಡಕ್ಕೆ 348ನೆಯ ಕಲಮು ಅನ್ವಯಿಸುತ್ತದೆ. ನವದೆಹಲಿ ನಗರಸಭೆ ಮತ್ತು ದಂಡು ಪ್ರದೇಶಗಳ ಆಡಳಿತ ಬೇರೆ. ನೋಯ್ಡಾದಲ್ಲಿ ಚುನಾಯಿತ ಪಾಲಿಕೆಯಿಲ್ಲ. 1976ರಲ್ಲಿ ಸ್ಥಾಪಿತವಾದ ಪ್ರಾಧಿಕಾರವೇ ನಿವೇಶನಗಳನ್ನು ಗುತ್ತಿಗೆಗೆ ನೀಡುತ್ತದೆಯಾದ್ದರಿಂದ, ಹಂಚಿಕೆ ಪಡೆದವರ ದಾಖಲೆಯೂ ಅದರ ಬಳಿಯೇ ಇರುತ್ತದೆ. ಅರ್ಜಿಗೆ ಕಚೇರಿಯ ಸ್ವೀಕೃತಿ ಮುದ್ರೆಯನ್ನು ಪಡೆಯಲೇಬೇಕು. ಉತ್ತರ ಬಾರದಿದ್ದರೆ, ಕೈಗೊಂಡ ಕ್ರಮವೇನೆಂದು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ.

ಇದರಿಂದಲೂ ಕಾರ್ಯವಾಗದಿದ್ದಲ್ಲಿ ಇನ್ನೊಂದು ದಾರಿಯಿದೆ. ಇದನ್ನು ಬಲ್ಲವರು ಕಡಿಮೆ. ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿದ್ದ ಅವಕಾಶವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಅದರನ್ವಯ ಕಾರ್ಯನಿರ್ವಾಹಕ ದಂಡಾಧಿಕಾರಿಯು ಸಾರ್ವಜನಿಕ ಉಪದ್ರವವನ್ನು ನಿವಾರಿಸಲು, ಇಲ್ಲವೇ ಹಾಜರಾಗಿ ಕಾರಣ ತೋರಿಸಲು ಆಜ್ಞಾಪಿಸಬಹುದು. ಉಪದ್ರವವು ಸಾರ್ವಜನಿಕವಾಗಿರಬೇಕಾದುದರಿಂದ ಒಂದೇ ಮನೆಯವರ ಸಹಿಗಿಂತ ಬೀದಿಯ ಹಲವರ ಸಹಿ ಲೇಸು. ಈ ಕಲಮಿನ ಶಕ್ತಿ ತಿಳಿದುದು ಮಧ್ಯಪ್ರದೇಶದ ರತ್ಲಾಮಿನಿಂದ. ಅಲ್ಲಿನ ನಾಗರಿಕರು ತೆರೆದ ಚರಂಡಿಯ ದುರ್ವಾಸನೆ ತಾಳಲಾರದೆ ದಂಡಾಧಿಕಾರಿಯ ಮೊರೆ ಹೊಕ್ಕರು. ಹಣವಿಲ್ಲವೆಂದು ನಗರಸಭೆ ಹೇಳಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ಸಬೂಬನ್ನು ಒಪ್ಪಲಿಲ್ಲ. ಒಡೆಯರ ಮೇಲೆ ಮಾತ್ರವಲ್ಲ, ಕರ್ತವ್ಯ ಮರೆತ ಸ್ಥಳೀಯ ಸಂಸ್ಥೆಯ ಮೇಲೂ ಈ ಆಜ್ಞೆ ಹೊರಡಬಹುದೆಂಬುದು ಸ್ಪಷ್ಟವಾಯಿತು.

ತಾಳ್ಮೆಗೆಟ್ಟು ತಾವೇ ಗೋಡೆ ಹಾರಿ ಪೊದೆಗೆ ಬೆಂಕಿಯಿಡುವವರೂ ಉಂಟು. ಅದು ಅತಿಕ್ರಮ ಪ್ರವೇಶವಾಗುತ್ತದೆ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರಲ್ಲಿ ನಿಷೇಧಿಸಿದೆ. ಹುಲ್ಲಿನೊಡನೆ ಮರವನ್ನೂ ಕಡಿಸಲು ಹೊರಟರೆ, 1994ರ ದೆಹಲಿ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಬೇಕು.

ದೂರದಲ್ಲಿರುವ ಒಡೆಯರಿಗೂ ಒಂದು ಮಾತು. ಮನೆಗೆ ಬೀಗ ಹಾಕುವ ಮುನ್ನ ತಾರಸಿಯ ತೊಟ್ಟಿಯನ್ನು ಬರಿದು ಮಾಡಿ ಬಿಗಿಯಾಗಿ ಮುಚ್ಚಿರಿ. ಒಂದು ಬೀಗದ ಕೈಯನ್ನು ನಂಬಿಕೆಯ ನೆರೆಯವರಿಗೆ ಒಪ್ಪಿಸಿರಿ. ಈಗಿನ ವಿಳಾಸವನ್ನು ಪಾಲಿಕೆಗೂ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಕ್ಕೂ ಬರೆದು ತಿಳಿಸಿರಿ. ಇಲ್ಲವಾದರೆ ನೋಟಿಸು ಬೀಗ ಹಾಕಿದ ಅದೇ ಬಾಗಿಲಿಗೆ ಬಂದು ಅಂಟಿಕೊಳ್ಳುತ್ತದೆ. ಅದನ್ನು ಓದುವವರು ದೂರು ಕೊಟ್ಟ ನೆರೆಯವರು ಮಾತ್ರ.